ಹಾಲನ್ನ ಉಣ್ಣುವ ಆಮೆ

ಓಣಿಗೆ ನಲ್ಲಿ ಬಂದ ವರ್ಷ ಸರ್ವಮಂಗಳಮ್ಮನವರು ಹಿತ್ತಲ ಬಾವಿ ಮುಚ್ಚಿಸಿದರು. ದಾವಣಗೆರೆಯ ಚೌಕಿಪೇಟೆಯಲ್ಲಿ ಅವರದು ಹತ್ತಿ ವ್ಯಾಪಾರದ ಮನೆ. ಬಾವಿ ಇರುವಲ್ಲಿ ಹತ್ತಿ ಮೂಟೆ ಇಡಲು ತಗಡಿನ ಚಪ್ಪರ ಹಾಕೋಣವೆಂದು ಮಗ ಕರಿಬಸವರಾಜ ಎರಡು ವರ್ಷದಿಂದ ಹೇಳುತ್ತಿದ್ದ. ಅವನ ಮದುವೆಯೂ ಎದುರಿಗೇ ಇತ್ತು. ತಾಯಿ ಒಪ್ಪಿದರು.

ನಾನು ಆ ಮನೆಯಲ್ಲಿ ಕಸ ಮುಸುರೆ ಮಾಡಿಕೊಂಡಿದ್ದೆ. ಬಳಸುವ ನೀರು ಸೇದಿ ಹಾಕುವುದೂ ನನ್ನ ಕೆಲಸವೇ. ಕುಡಿಯುವ ನೀರನ್ನು ಮಾತ್ರ ಅವರು ಬೇರೆ ಹಗ್ಗ, ಬೇರೆ ಕೊಡದಲ್ಲಿ ತಾವೇ ಸೇದಿಕೊಳ್ಳುತ್ತಿದ್ದರು. ನಾವು ಹರಿಹರದ ಹೊಳೆದಂಡೆಯ ಬೆಸ್ತರು, ಅವರು ಲಿಂಗವಂತರು. ನಾನು ತಿಕ್ಕಿಟ್ಟ ಪಾತ್ರೆಯ ಮೇಲೆ ಮತ್ತೊಮ್ಮೆ ನೀರು ಸುರಿದು ಒಳಗೆ ಒಯ್ಯುತ್ತಿದ್ದರು. ಅದಕ್ಕೆ ನನಗೇನೂ ಅನ್ನಿಸುತ್ತಿರಲಿಲ್ಲ, ಎಲ್ಲ ಮನೆಯಲ್ಲೂ ಹಾಗೇ ಇತ್ತು.

ಆ ಬಾವಿಯಲ್ಲಿ ಒಂದು ಆಮೆ. ಬಾವಿ ತೋಡಿಸಿದಾಗ ಸರ್ವಮಂಗಳಮ್ಮನ ಗಂಡ, ನೀರು ಚೊಕ್ಕಟವಾಗಿರಲಿ ಎಂದು, ಅಂಗೈಯಷ್ಟಿದ್ದ ಮರಿಯನ್ನು ತಂದು ಬಿಟ್ಟಿದ್ದರಂತೆ. ಅದೇ ವರ್ಷ ವ್ಯಾಪಾರ ಕೈಹಿಡಿಯಿತು. ಅವತ್ತಿನಿಂದ ಅದು ಮನೆಯ ಭಾಗ್ಯವೆಂದೇ ಲೆಕ್ಕ. ಗಂಡ ತೀರಿಕೊಂಡ ಮೇಲೂ ಸರ್ವಮಂಗಳಮ್ಮ ದಿನಾ ಬೆಳಿಗ್ಗೆ ಲಿಂಗಪೂಜೆ ಮುಗಿಸಿ, ಹಾಲು ಬೆಲ್ಲ ಕಲಸಿದ ಒಂದು ಹಿಡಿ ಅನ್ನವನ್ನು ಬಾವಿಗೆ ಬಿಡುತ್ತಿದ್ದರು. ಕೆಳಗೆ ನೀರು ಗುಳುಗುಳು ಅನ್ನುತ್ತಿತ್ತು. "ಉಂಡಿತು," ಎಂದು ಒಳಗೆ ಹೋಗುತ್ತಿದ್ದರು. ಅದಾದ ಮೇಲೆಯೇ ಮನೆಯವರ ಬಾಯಿಗೆ ತುತ್ತು.

ಅದು ಉಣ್ಣುತ್ತಿದ್ದುದು ಏನು ಎನ್ನುವುದು ನನಗೆ ಗೊತ್ತಿತ್ತು. ನಾನು ಸೇದಿದ ಕೊಡದಲ್ಲಿ ಬೆರಳುದ್ದದ ಮೀನು ಬರುತ್ತಿದ್ದವು, ಕಪ್ಪೆಮರಿ ಬರುತ್ತಿದ್ದವು. ಹಾಲನ್ನವನ್ನು ಮೀನು ತಿನ್ನುತ್ತಿದ್ದವು, ಮೀನನ್ನು ಆಮೆ ತಿನ್ನುತ್ತಿತ್ತು. ನಾನು ಮೀನನ್ನು ತಿರುಗಿ ಬಾವಿಗೇ ಬಿಟ್ಟು ಸುಮ್ಮನಾಗುತ್ತಿದ್ದೆ. ಆ ಮನೆಯಲ್ಲಿ ಮೀನು ಎನ್ನುವ ಮಾತನ್ನೇ ಆಡುವಂತಿರಲಿಲ್ಲ. ಗಂಡ ಸತ್ತಿದ್ದ, ಮೂರು ಮಕ್ಕಳು ಇದ್ದವು, ನನಗೆ ಆ ಮನೆ ಬೇಕಿತ್ತು.

ಮಾಘಮಾಸದ ಒಂದು ಶುಕ್ರವಾರ ಸೂರಪ್ಪ ಎಂಬ ಕೂಲಿಯವನು ಬಾವಿಗೆ ಇಳಿದು ಆಮೆಯನ್ನು ಗೋಣಿಚೀಲದಲ್ಲಿ ಮೇಲೆ ಕಳಿಸಿದ. ಮೊರದಷ್ಟು ಅಗಲವಿತ್ತು. ಹಿಂದೆ ದನಕ್ಕೆ ನೀರಿಡುತ್ತಿದ್ದ ಕಲ್ಲುಬಾನಿ ಹಿತ್ತಲ ಕೊಟ್ಟಿಗೆಯ ಪಕ್ಕ ಖಾಲಿ ಬಿದ್ದಿತ್ತು. ಅದನ್ನು ತೊಳೆಸಿ, ನಲ್ಲಿ ನೀರು ತುಂಬಿಸಿ, ಆಮೆಯನ್ನು ಅದರಲ್ಲಿ ಬಿಟ್ಟರು. ಸಂಜೆಯೊಳಗೆ ಬಾವಿಗೆ ನಾಲ್ಕು ಗಾಡಿ ಮಣ್ಣು ಬಿತ್ತು. ಸೋಮವಾರ ಮದುವೆಯಾಗಿ ಸೊಸೆ ಮನೆ ತುಂಬಿದಳು.

ಸೊಸೆಯ ಹೆಸರು ಉಮಾಮಹೇಶ್ವರಿ. ಹರಿಹರದಾಚೆ ಸಾರಥಿ ಊರಿನ ಕೊಟ್ಟೂರಪ್ಪನ ಹಿರಿಮಗಳು, ಹದಿನೇಳು ವರ್ಷ. ಬಂದ ಮಾರನೆಯ ದಿನವೇ ಹಿತ್ತಲಿಗೆ ಬಂದು, ನನ್ನ ಕೈಯ ಪೊರಕೆ ನೋಡಿ, "ಹಿಡಿ ಸಡಿಲ ಆಗೈತಲ್ಲ, ಕೊಡು ಕಟ್ಟಿಕೊಡ್ತೀನಿ," ಎಂದು ಅಲ್ಲೇ ಕೂತು ಕಟ್ಟಿಕೊಟ್ಟಳು. ಶ್ರೀಮಂತರ ಮನೆಗೆ ಬಂದಿದ್ದೇನೆ ಎಂಬುದು ಇನ್ನೂ ಅವಳ ತಲೆಗೆ ಹೋಗಿರಲಿಲ್ಲ.

ಮದುವೆಯ ಗಲಾಟೆಯಲ್ಲಿ ಬೆಳಿಗ್ಗೆ ಬಾನಿಗೆ ಅನ್ನ ಹಾಕಿ ಹೋಗುವುದಷ್ಟೇ, ಒಳಗೆ ಯಾರೂ ಬಗ್ಗಿ ನೋಡಲಿಲ್ಲ. ನೆಂಟರೆಲ್ಲ ಹೋದ ಮೇಲೆ ಸರ್ವಮಂಗಳಮ್ಮ ಬಗ್ಗಿ ನೋಡಿದರು. ದಿನದಿನ ಹಾಕಿದ ಅನ್ನ ಹುಳಿತು, ನೊರೆ ಕಟ್ಟಿ, ನೀರಿನ ಮೇಲೆ ತೇಲುತ್ತಿತ್ತು. ಆಮೆ ಮೂಲೆಯಲ್ಲಿ ತಲೆ ಒಳಗೆಳೆದುಕೊಂಡು ಕುಳಿತಿತ್ತು.

"ಗಿರಿಯಮ್ಮ, ಇದು ಯಾವತ್ತಿಂದ ಉಂಡಿಲ್ಲ?"

"ಬಾವಿಂದ ತೆಗೆದಾಗಿಂದ ನೋಡ್ರಿ ಅಮ್ಮಾರೆ."

ಅವರು ಬೆರಳು ಮಡಚಿ ದಿನ ಎಣಿಸಿದರು. "ಅಲ್ಲ," ಎಂದರು. "ಸ್ವಾಮಾರದಿಂದ."

ಶುಕ್ರವಾರದಿಂದ ಎಂದು ನಾನು ಇನ್ನೊಮ್ಮೆ ಹೇಳಬಹುದಿತ್ತು. ಶುಕ್ರವಾರ ಬಾವಿ ಮುಚ್ಚಿಸಿದ್ದು ಅವರು. ಸೋಮವಾರ ಹೊಸ್ತಿಲು ದಾಟಿದ್ದು ಸೊಸೆ. ನಾನು ಪೊರಕೆ ಎತ್ತಿಕೊಂಡು ಅಂಗಳದ ಕಡೆ ಹೋದೆ.

ಸರ್ವಮಂಗಳಮ್ಮ ಗಟ್ಟಿಯಾಗಿ ಮಾತಾಡುವವರಲ್ಲ. ಬೈಯುವಾಗಲೂ ಮಗುವಿಗೆ ಹೇಳಿದ ಹಾಗೆ ಹೇಳುತ್ತಿದ್ದರು. ಸೊಸೆಯನ್ನು ಬಾನಿಯ ಹತ್ತಿರ ಕರೆದು ನಿಲ್ಲಿಸಿಕೊಂಡರು.

"ನೋಡವ್ವ, ನಮ್ಮ ಆಮೆ ನನ್ನ ಗಂಡ ಸತ್ತ ದಿನಾನೂ ಉಂಡೈತೆ. ಊರಿಗೆ ಪ್ಲೇಗು ಬಂದು ಮಂದಿ ಹೊಲದಾಗೆ ಗುಡಿಸ್ಲು ಹಾಕ್ಕಂಡಾಗೂ ಉಂಡೈತೆ. ನೀ ಬಂದ ಮ್ಯಾಲೆ ಬಾಯಿ ಮುಚ್ಚೈತೆ. ಇದಕ್ಕೆ ಏನಂತಿ?"

"ನಾನೇನು ಮಾಡಿದೆ ಅತ್ತೆಮ್ಮ?"

"ನೀ ಏನೂ ಮಾಡಿಲ್ಲ ತಾಯಿ. ನಿನ್ನ ಕಾಲು ಮಾಡೈತೆ."

ಹೊಸ ಸೊಸೆಯ ಕಾಲ್ಗುಣ ಎಂದರೆ ನಮ್ಮ ಕಡೆ ಹುಡುಗಾಟವಲ್ಲ. ಅವಳು ಕಾಲಿಟ್ಟ ದಿನ ಎಮ್ಮೆ ಈದರೆ ಅವಳದೇ ಪುಣ್ಯ, ಎಮ್ಮೆ ಸತ್ತರೆ ಅವಳದೇ ಪಾಪ. ಉಮಾಮಹೇಶ್ವರಿ ತನ್ನ ಪಾದ ನೋಡಿಕೊಂಡಳು. ಮದುವೆಯ ಅರಿಶಿನ ಇನ್ನೂ ಹೋಗಿರಲಿಲ್ಲ.

ಅವತ್ತೇ ಕಟ್ಟಳೆ ಆಯಿತು. ಬೆಳಿಗ್ಗೆ ಎದ್ದು ಮಿಂದು, ಹಾಲನ್ನ ಹಿಡಿದು ಸೊಸೆ ಬಾನಿಯ ಹತ್ತಿರ ಕೂಡಬೇಕು. ಆಮೆ ಅವಳ ಕೈಯಿಂದ ಉಂಡರೆ ಅವಳೂ ಉಣ್ಣಬಹುದು. ಉಣ್ಣದಿದ್ದರೆ ದೀಪ ಹಚ್ಚುವ ತನಕ ಏನೂ ಇಲ್ಲ, ಹಚ್ಚಿದ ಮೇಲೆ ಒಂದು ರೊಟ್ಟಿ. ಓಣಿಯವರಿಗೆ ಸರ್ವಮಂಗಳಮ್ಮ ಹೇಳಿದ್ದು, "ನಮ್ಮ ಸೊಸಿ ಒಪ್ಪತ್ತಿನ ವ್ರತ ಹಿಡಿದಾಳೆ, ಆಮೆ ಮ್ಯಾಲೆ ಏನು ಭಕ್ತಿ ಅಂತೀರಿ." ಓಣಿಯ ಹೆಂಗಸರು ಬಂದು ಅವಳ ಕಾಲಿಗೆ ಕುಂಕುಮ ಹಚ್ಚಿ ಹೋದರು.

"ಯುಗಾದಿ ತನಕ ನೋಡ್ತೀನಿ," ಎಂದು ಅವಳಿಗೆ ಬೇರೆ ಹೇಳಿದರು. "ಅಷ್ಟರಾಗೆ ನಿನ್ನ ಕೈಯಿಂದ ಉಂಡ್ರೆ ಈ ಮನಿ ನಿಂದು. ಇಲ್ಲಾಂದ್ರೆ ನಿಮ್ಮಪ್ಪನ್ನ ಕರೆಸಿ ಜೊತಿಗೆ ಕಳಿಸಿಬಿಡ್ತೀನಿ. ನಾ ಏನು ನಿನ್ನ ಮ್ಯಾಲೆ ಸಿಟ್ಟು ಮಾಡ್ಕಂಡಿಲ್ಲ ಮತ್ತೆ."

ಸಾರಥಿಯಲ್ಲಿ ಅವಳಿಗೆ ಇಬ್ಬರು ತಂಗಿಯರು. ಕಾಲ್ಗುಣ ಸರಿಯಿಲ್ಲವೆಂದು ತಿರುಗಿ ಬಂದವಳ ತಂಗಿಯರನ್ನು ನೋಡಲು ಯಾರೂ ಬರುವುದಿಲ್ಲ. ಇದನ್ನು ಅವಳು ನನಗೆ ಒಂದೇ ಸಲ ಹೇಳಿದಳು. ಮುಸುರೆ ಮುಂದೆ ಕೂತು, ನನ್ನ ಜೊತೆ ಬೂದಿಯಲ್ಲಿ ತಂಬಿಗೆ ತಿಕ್ಕುತ್ತ ಹೇಳಿದಳು.

ಮೊದಲ ವಾರ ಬಗೆಬಗೆಯ ಉಪಚಾರ ನಡೆಯಿತು. ಓಣಿಯ ಅಯ್ಯನವರು ಬಂದು ಚಿಪ್ಪಿಗೆ ಮೂರು ಪಟ್ಟಿ ವಿಭೂತಿ ಎಳೆದು, ಬಾನಿಗೆ ತೀರ್ಥ ಹಾಕಿ, ದಕ್ಷಿಣೆ ತೆಗೆದುಕೊಂಡು ಹೋದರು. ನೀರಿಗೆ ವಿಭೂತಿ ಕರಗಿತು. ಎದುರು ಮನೆಯ ಕಸ್ತೂರಮ್ಮ ಇಂಗು ಕದಡಿದ ಮಜ್ಜಿಗೆ ಹಾಕಿಸಿದರು. ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಎಸೆದರು, ಎಲ್ಲರೂ ಕೆಮ್ಮಿದರು, ಆಮೆಯೊಂದು ಬಿಟ್ಟು. ಯಾರೋ ಹರಳೆಣ್ಣೆ ಎಂದರು. ಅದನ್ನೂ ಹಾಕಿಸಿದರು. ನಾನು ದಿನಕ್ಕೆರಡು ಸಲ ಬಾನಿಯ ನೀರು ಚೆಲ್ಲಿ ಬೇರೆ ನೀರು ತುಂಬುತ್ತಿದ್ದೆ.

ಎಂಟನೆಯ ದಿನ ಸರ್ವಮಂಗಳಮ್ಮ ಸವುಟು ತಂದರು. ಮಗನಿಗೆ, "ಬಾರಪ್ಪ, ಇಷ್ಟು ಹಿಡ್ಕ," ಎಂದರು. ಕರಿಬಸವರಾಜ ಹತ್ತಿ ಅಂಗಡಿಯಲ್ಲಿ ಹತ್ತು ಆಳಿಗೆ ಯಜಮಾನ, ತಾಯಿಯ ಮುಂದೆ ಆಳಿಗಿಂತ ಕಡೆ. ಆಮೆಯನ್ನು ಮಗುಚಿ ಎರಡು ಮಂಡಿಯ ನಡುವೆ ಹಿಡಿದ. ಅದು ಕಾಲು ಬಡಿಯಿತು. ಕತ್ತು ಹೊರಗೆ ಬಂದಾಗ ಸರ್ವಮಂಗಳಮ್ಮ ಸವುಟಿನ ಹಿಡಿಯನ್ನು ಅದರ ಬಾಯಿಗೆ ಕೊಟ್ಟು ತಿರುವಿದರು.

"ಹಾಕವ್ವ," ಎಂದರು ಸೊಸೆಗೆ.

ಅವಳು ಹಾಲನ್ನ ಹಾಕಿದಳು. ಹಾಲು ಅದರ ಮೂಗಿನಿಂದ ಬಂತು. ಬಾಯಂಚು ಸೀಳಿ ರಕ್ತ ಬಂತು.

"ಇನ್ನೊಂಚೂರು."

"ಅತ್ತೆಮ್ಮ, ಅದಕ್ಕೆ ನೋಯ್ತೈತೆ."

"ಹಸದ್ರೆ ಇನ್ನೂ ನೋಯ್ತೈತೆ. ನಿನಗ ಗೊತ್ತಿಲ್ಲೇನು?"

ಗಂಡ ತಲೆ ಎತ್ತಲಿಲ್ಲ. ಅವಳು ಇನ್ನೊಂದು ತುತ್ತು ಹಾಕಿದಳು. ಅವತ್ತು ದೀಪ ಹಚ್ಚಿದ ಮೇಲೆ ಅವಳ ರೊಟ್ಟಿಯನ್ನೂ ಕೊಡಲಿಲ್ಲ. ಬಲವಂತವಾಗಿ ಉಣ್ಣಿಸಿದ್ದು ಉಂಡ ಲೆಕ್ಕಕ್ಕೆ ಬರುವುದಿಲ್ಲ, ವ್ರತ ಕೆಟ್ಟಿತು, ಈ ದಿನ ಪೂರಾ ಉಪವಾಸ ಎಂದರು.

ಎರಡು ವಾರ ಕಳೆಯುವಷ್ಟರಲ್ಲಿ ಅವಳ ಕೈಯ ಬಳೆ ಮೊಣಕೈ ತನಕ ಜಾರತೊಡಗಿದವು. ಒಂದು ಬೆಳಿಗ್ಗೆ ಬಾನಿಯಲ್ಲಿ ಕೈಯಿಟ್ಟುಕೊಂಡು ಕೂತಲ್ಲೇ ತೂಕಡಿಸಿದಳು. ಬೆರಳು ನೀರಿನಲ್ಲಿ ಸಡಿಲವಾಗಿ ಆಡುತ್ತಿದ್ದವು. ಆಮೆ ಮೂಲೆಯಿಂದ ಬಂತು, ನಾನು ಕಂಡ ಹಾಗೆ ಬಹಳ ಬೇಗ ಬಂತು, ಅವಳ ಕಿರುಬೆರಳನ್ನು ಕಚ್ಚಿ ಹಿಡಿಯಿತು. ಅವಳು ಚೀರಿ ಕೈ ಎಳೆದುಕೊಂಡಾಗ ತುದಿಯ ಚರ್ಮ ಅದರ ಬಾಯಲ್ಲೇ ಉಳಿಯಿತು. ನೀರಿನಲ್ಲಿ ರಕ್ತ ಹರಡಿದ ಕಡೆಗೆಲ್ಲ ಅದು ಬಾಯಿ ಹಾಕಿ ಹಾಕಿ ಹುಡುಕಿತು.

ಹಿತ್ತಲ ಬಾಗಿಲಲ್ಲಿ ನಿಂತಿದ್ದ ಸರ್ವಮಂಗಳಮ್ಮ, "ನೋಡು, ನಿನ್ನ ಕಂಡ್ರೆ ಅದಕ್ಕೆ ಎಷ್ಟು ಸಿಟ್ಟೈತೆ," ಎಂದು ಒಳಗೆ ಹೋದರು.

ನಾನು ನನ್ನ ಸೆರಗಿನ ಅಂಚು ಹರಿದು ಅವಳ ಬೆರಳಿಗೆ ಕಟ್ಟಿದೆ. ಆಗ ಹೇಳಿದೆ. ಇನ್ನೂ ಮೊದಲೇ ಹೇಳಬಹುದಿತ್ತು.

"ಸಣ್ಣಮ್ಮಾರೆ, ಅದು ಅನ್ನ ಉಣ್ಣೋ ಜಾತಿ ಅಲ್ಲ."

"ಮತ್ತೆ ಯಾವ ಜಾತಿ?"

"ನಮ್ಮ ಜಾತಿ."

ಅವಳಿಗೆ ನಗು ಬಂತು. ಆ ಮನೆಯಲ್ಲಿ ಅವಳು ನಕ್ಕಿದ್ದನ್ನು ನಾನು ನೋಡಿದ್ದು ಅದೊಂದೇ ಸಲ. ನಕ್ಕು, ಆಮೇಲೆ ಅರ್ಥವಾಗಿ, ಬಾನಿಯ ಕಡೆ ತಿರುಗಿದಳು.

"ಮೀನಾ?"

"ಮೆಲ್ಲಗೆ ಅನ್ರಿ. ಹೂಂ. ಬಾವಿಯಾಗೆ ಇದ್ದಿದ್ದೂ ಅದೇ, ಅದು ತಿಂದಿದ್ದೂ ಅದೇ."

"ನೀ ಹಾಕಿಬಿಡು ಗಿರಿಯಮ್ಮ. ನಿನಗ ಪುಣ್ಯ ಬರ್ತೈತೆ."

"ನಾ ಹಾಕಿದ್ರೆ ನನ್ನ ಕೈಯಿಂದ ಉಂಡಂಗಾತು. ಅಮ್ಮಾರು ಬಾಗ್ಲಾಗೆ ನಿಂತು ನೋಡಾದು ನಿಮ್ಮ ಕೈಯ."

ಅವಳು ಕೊರಳಿಗೆ ಕೈ ಹಾಕಿಕೊಂಡಳು. ಅಲ್ಲಿ ಶಿವದಾರದಲ್ಲಿ ಬೆಳ್ಳಿಯ ಕರಡಿಗೆ, ಅದರೊಳಗೆ ಲಿಂಗ. ಹುಟ್ಟಿದ ಮಗುವಿಗೆ ಕಟ್ಟಿದ ಲಿಂಗವನ್ನು ಅವರು ಸಾಯುವ ತನಕ ಮೈಯಿಂದ ಬಿಡುವುದಿಲ್ಲ, ಸತ್ತರೂ ಅದರ ಜೊತೆಗೇ ಮಣ್ಣು ಮಾಡುತ್ತಾರೆ. ಲಿಂಗ ಬಿಟ್ಟು ಇದ್ದವರು ಬದುಕಿದ್ದರೂ ಇಲ್ಲದ ಲೆಕ್ಕ. ಆ ಕರಡಿಗೆ ಎದೆಯ ಮೇಲಿರುವಾಗ ಮೀನು ಮುಟ್ಟುವುದು ಹೇಗೆ?

ನಾಲ್ಕು ದಿನ ಅವಳು ಆ ಮಾತೇ ಎತ್ತಲಿಲ್ಲ. ಐದನೆಯ ದಿನ, ಶನಿವಾರ, "ನಾಳೆ ಹರಿಹರಕ್ಕೆ ಹೋಗಿಯೇನು?" ಎಂದು ಕೇಳಿದಳು.

ಹರಿಹರದಲ್ಲಿ ನನ್ನ ಅಣ್ಣ ನಿಂಗಪ್ಪ ಹೊಳೆಯಲ್ಲಿ ಬಲೆ ಹಾಕುತ್ತಿದ್ದ. ಭಾನುವಾರ ರೈಲಿಗೆ ಹೋಗಿ, ಮುಚ್ಚಳದ ತಂಬಿಗೆಯಲ್ಲಿ ಹೊಳೆನೀರು ತುಂಬಿ, ಬೆರಳುದ್ದದ ಜೀವಂತ ಮೀನು ಇಪ್ಪತ್ತು ತಂದೆ. "ಇಷ್ಟು ಸಣ್ಣವು ಯಾರ ಹೊಟ್ಟಿಗೆ?" ಎಂದು ಅಣ್ಣ ಕೇಳಿದ. "ಶ್ರೀಮಂತರಿಗೆ," ಎಂದೆ. ಕೊಟ್ಟಿಗೆಯಲ್ಲಿ ಒಟ್ಟಿದ್ದ ಸಗಣಿ ಕುಳ್ಳಿನ ಹಿಂದೆ ಒಂದು ಹಳೆ ಮಡಕೆಯಲ್ಲಿ ಅವನ್ನು ಬಿಟ್ಟೆವು.

ಸೋಮವಾರ ಬೆಳಗಿನ ಜಾವ ಅವಳು ಮಿಂದು, ಒದ್ದೆ ಸೀರೆಯಲ್ಲೇ ಕೊಟ್ಟಿಗೆಗೆ ಬಂದಳು. ಶಿವದಾರವನ್ನು ತಲೆಯ ಮೇಲಿಂದ ತೆಗೆದಳು. ಗೋಡೆಯ ಗೂಡಿನಲ್ಲಿ ಒಂದು ತೊಳೆದ ಬಾಳೆಲೆ ಹಾಸಿ ಅದರ ಮೇಲೆ ಕರಡಿಗೆ ಇಟ್ಟು, ಇನ್ನೊಂದು ಎಲೆ ಮುಚ್ಚಿದಳು. ಕೊರಳಲ್ಲಿ ಅದು ಇದ್ದಷ್ಟು ಜಾಗ ಬೆಳ್ಳಗಿತ್ತು. ಮಡಕೆಗೆ ಕೈ ಹಾಕಿದಳು. ಮೀನು ಅಂಗೈಯಲ್ಲಿ ಮಿಡುಕಿದ ಕೂಡಲೇ ಕೈಬಿಟ್ಟು, ಗೋಡೆ ಹಿಡಿದು ವಾಂತಿ ಮಾಡಿಕೊಂಡಳು. ಹೊಟ್ಟೆಯಲ್ಲಿ ಏನಿತ್ತು ಪಾಪ, ಬರೀ ನೀರು. ಬಾಯಿ ಒರೆಸಿಕೊಂಡು ಮತ್ತೆ ಕೈ ಹಾಕಿದಳು.

ಹಾಲನ್ನದ ಉಂಡೆಯೊಳಗೆ ಮೀನು ಹುದುಗಿಸಿ, ಬಾನಿಯಲ್ಲಿ ಕೈಯಿಳಿಸಿ ಕೂತಳು. ಸರ್ವಮಂಗಳಮ್ಮ ಪೂಜೆ ಮುಗಿಸಿ ಹಿತ್ತಲ ಬಾಗಿಲಿಗೆ ಬಂದರು. ಉಂಡೆ ನೀರಿನಲ್ಲಿ ಬಿರಿಯಿತು. ಆಮೆ ಕತ್ತು ಚಾಚಿತು. ಒಂದೇ ಏಟಿಗೆ ಅನ್ನ ಸಮೇತ ಮೀನನ್ನು ನುಂಗಿತು. ಬಾಗಿಲಿನಿಂದ ಕಂಡದ್ದು ಅನ್ನ ಮಾತ್ರ.

ಸರ್ವಮಂಗಳಮ್ಮ ಹೊಸ್ತಿಲಲ್ಲೇ ಕುಸಿದು ಕೂತು ಕೈ ಮುಗಿದರು. ಕಣ್ಣೀರು ಹಾಕಿಕೊಂಡರು. "ನನ್ನ ಮನಿ ಉಳೀತು," ಎಂದರು.

ಅವತ್ತು ಉಮಾಮಹೇಶ್ವರಿ ಮಿಂದು, ಲಿಂಗ ಕಟ್ಟಿಕೊಂಡು, ಪೂಜೆ ಮಾಡಿ, ಹಗಲು ಹೊತ್ತಿನಲ್ಲಿ ಉಂಡಳು. ಅಡುಗೆಮನೆಯ ಕಿಟಕಿಯಿಂದ ನಾನು ನೋಡುತ್ತಿದ್ದೆ. ನಾಲ್ಕು ರೊಟ್ಟಿ ತಿಂದಳು. ಪ್ರತಿ ತುತ್ತು ಎತ್ತುವ ಮೊದಲು ಅಂಗೈ ಮೂಸಿ ನೋಡಿಕೊಳ್ಳುತ್ತಿದ್ದಳು.

ಆಮೆ ದಿನಾ ಉಂಡಿತು. ಸುದ್ದಿ ಹಬ್ಬಿತು. ಸೊಸೆಯ ವ್ರತಕ್ಕೆ ಆಮೆ ಒಲಿಯಿತಂತೆ ಎಂದು ಓಣಿಯ ಹೆಂಗಸರು ತಂಬಿಗೆಯಲ್ಲಿ ಹಾಲು ಹಿಡಿದುಕೊಂಡು ಬಂದರು. ಸರ್ವಮಂಗಳಮ್ಮ ಎಲ್ಲರನ್ನೂ, "ಬರ್ರಿ, ಕೂಡ್ರಿ," ಎಂದು ಹಿತ್ತಲ ಕಟ್ಟೆಯ ಮೇಲೆ ಕೂರಿಸುತ್ತಿದ್ದರು. ಸೊಸೆಗೆ ಒಂದು ಇಳಕಲ್ ಸೀರೆ ಉಡಿಸಿದರು. ಕರಿಬಸವರಾಜ ಅಂಗಡಿಯಿಂದ ಬರುವಾಗ ಅವಳಿಗೆ ಎರಡು ಮೊಳ ಮಲ್ಲಿಗೆ ತಂದ. ಹತ್ತು ದಿನ ಹೀಗೆ ನಡೆಯಿತು. ಯುಗಾದಿಗೆ ವಾರವೂ ಉಳಿದಿರಲಿಲ್ಲ. ಇನ್ನೇನು ಗೆದ್ದಳು ಎಂದು ನಾನು ತಿಳಿದಿದ್ದೆ.

ಒಂದು ಬೆಳಿಗ್ಗೆ ಕಸ್ತೂರಮ್ಮನೂ ಇನ್ನು ನಾಲ್ವರೂ ಕೂತಿದ್ದಾಗ ಸರ್ವಮಂಗಳಮ್ಮನಿಗೆ ತಾವೇ ಉಣ್ಣಿಸುವ ಮನಸ್ಸಾಯಿತು. ಬೆಳ್ಳಿ ಬಟ್ಟಲಲ್ಲಿ ಹಾಲನ್ನ ಕಲಸಿ ತಂದು ಬಾನಿಯಲ್ಲಿ ಕೈಯಿಟ್ಟರು. ಆಮೆ ಬಂತು. ಮೂಸಿತು. ಮುಖ ತಿರುಗಿಸಿ ಸೊಸೆ ನಿಂತ ಕಡೆಯ ಅಂಚಿಗೆ ಹೋಗಿ ಕತ್ತು ಎತ್ತಿಕೊಂಡು ಕಾಯಿತು.

ಕಸ್ತೂರಮ್ಮನಿಗೆ ತಡೆದುಕೊಳ್ಳಲಾಗಲಿಲ್ಲ.

"ಕೈ ಬದಲಾತು ಬಿಡ್ರಿ ಸರ್ವಮಂಗಳಮ್ಮ. ಇನ್ನ ಬೀಗದ ಕೈಯೂ ಸೊಸಿಗೆ ಕೊಟ್ಟು ನೀವು ಜಪ ಹಿಡ್ಕಂಡು ಕೂಡ್ರಿ."

ಎಲ್ಲರೂ ನಕ್ಕರು. ಸರ್ವಮಂಗಳಮ್ಮನೂ ನಕ್ಕರು. "ಹೌದ್ರಿ, ಕೊಡಾದೇ," ಎಂದು ಕೈ ಒರೆಸಿಕೊಂಡರು.

ಮಾರನೆಯ ಬೆಳಗಿನಿಂದ ಅವರು ಬೇಗ ಏಳತೊಡಗಿದರು. ನಾವು ಅದನ್ನು ಗಮನಿಸಲಿಲ್ಲ. ಮೂರನೆಯ ಬೆಳಿಗ್ಗೆ ಉಮಾಮಹೇಶ್ವರಿ ಕೊಟ್ಟಿಗೆಯಲ್ಲಿ ಮೀನಿಗೆ ಅನ್ನ ಮೆತ್ತುತ್ತಿದ್ದಳು, ನಾನು ಮಡಕೆಯ ಬಾಯಿ ಮುಚ್ಚುತ್ತಿದ್ದೆ. ತಿರುಗಿ ನೋಡಿದರೆ ಸರ್ವಮಂಗಳಮ್ಮ ಗೂಡಿನ ಹತ್ತಿರ ನಿಂತಿದ್ದಾರೆ. ಕೈಯಲ್ಲಿ ಕರಡಿಗೆ.

"ಕೊರಳಾಗೆ ಏನೈತೆ ತೋರ್ಸವ್ವ," ಎಂದರು.

ಅವಳ ಕೈ ತಾನಾಗಿಯೇ ಕೊರಳಿಗೆ ಹೋಯಿತು. ಬರಿಗೊರಳಿಗೆ ಮೀನಿನ ಲೋಳೆ ಹತ್ತಿತು.

"ಗಿರಿಯಮ್ಮ. ಮೀನು ಯಾರು ತಂದಿದ್ದು?"

ಅವರ ದನಿ ಯಾವತ್ತಿನ ಹಾಗೇ ಮೆತ್ತಗಿತ್ತು. ನಾನು ತಂದೆ ಎಂದರೆ ಯಾಕೆ ಎಂದು ಕೇಳುತ್ತಾರೆ. ಆಮೆಗೆ ಎಂದರೆ, ಅದು ತಿನ್ನುತ್ತದೆಂದು ನಿನಗೆ ಹೇಗೆ ಗೊತ್ತು ಎನ್ನುತ್ತಾರೆ. ಇಷ್ಟು ವರ್ಷ ನಿನಗೆ ಗೊತ್ತಿತ್ತೋ ಎನ್ನುತ್ತಾರೆ. ನನ್ನ ಮೂರೂ ಮಕ್ಕಳು ಆ ಮನೆಯ ಉಳಿದ ಸಾರಿನಲ್ಲಿ ಬೆಳೆಯುತ್ತಿದ್ದವು.

"ಸಣ್ಣಮ್ಮಾರು ತರ್ಸಿದ್ರು," ಎಂದೆ. "ಬಾಯಿ ಕೆಟ್ಟೈತೆ ಅಂದ್ರು. ತಮಗೇ ಬೇಕು ಅಂದ್ರು."

ಅವಳು ನನ್ನ ಮುಖ ನೋಡಿದಳು. ಅಷ್ಟೇ.

"ಅತ್ತೆಮ್ಮ, ನೀವೇ ನೋಡಿದ್ರಲ್ಲ. ಅನ್ನದಾಗೆ ಇಟ್ಟು ಆಮೆಗೆ ಹಾಕ್ತಿದ್ದೆ. ಅದು ಬ್ಯಾರೆ ಏನೂ ಉಣ್ಣಲ್ಲ. ಒಂದು ಸಲಾನೂ ನನ್ನ ಬಾಯಿಗೆ—"

"ನಾ ಏನೂ ನೋಡಿಲ್ಲ," ಎಂದರು ಸರ್ವಮಂಗಳಮ್ಮ. "ನಮ್ಮ ಆಮೆ ಮೂವತ್ತೆಂಟು ವರ್ಷದಿಂದ ಹಾಲನ್ನ ಬಿಟ್ಟು ಬ್ಯಾರೆ ಮುಟ್ಟಿಲ್ಲ. ಮೀನು ತಿಂದಾಕಿ ನೀನು."

ನನ್ನ ಸುಳ್ಳನ್ನು ಅವರು ನಂಬಲಿಲ್ಲ, ಅದು ನನಗೆ ಗೊತ್ತಾಯಿತು. ಆದರೆ ಅದು ಅವರಿಗೆ ಬೇಕಾಗಿತ್ತು. ಸುಳ್ಳು ಇದ್ದರೆ ಆಮೆ ಕೆಡುವುದಿಲ್ಲ, ಮೂವತ್ತೆಂಟು ವರ್ಷದ ಭಾಗ್ಯ ಕೆಡುವುದಿಲ್ಲ, ಕೆಡುವುದು ಸೊಸೆಯೊಬ್ಬಳೇ. ಕರಡಿಗೆಯನ್ನು ಸೆರಗಿನಲ್ಲಿ ಗಂಟು ಹಾಕಿಕೊಂಡು ಒಳಗೆ ಹೋದರು. ನನ್ನನ್ನು ಕೆಲಸದಿಂದ ಬಿಡಿಸಲಿಲ್ಲ. ಮಧ್ಯಾಹ್ನ ಎಂದಿಗಿಂತ ಒಂದು ರೊಟ್ಟಿ ಹೆಚ್ಚೇ ಹಾಕಿದರು.

ಯುಗಾದಿಯ ಹಿಂದಿನ ದಿನ ಕೊಟ್ಟೂರಪ್ಪ ಸಾರಥಿಯಿಂದ ಬಂದ. ಹಬ್ಬಕ್ಕೆ ಮಗಳು ಅಳಿಯನನ್ನು ಕರೆಯಲು ಹೇಳಿಕಳಿಸಿದ್ದಾರೆ ಎಂದುಕೊಂಡು, ಹೊಸ ಪಂಚೆ ಉಟ್ಟು, ಒಂದು ಚೀಲ ಶೇಂಗಾ ಹೊತ್ತು ತಂದಿದ್ದ. ಸರ್ವಮಂಗಳಮ್ಮ ಅವನಿಗೆ ಕಾಲಿಗೆ ನೀರು ಕೊಟ್ಟು, ಊಟ ಮಾಡಿಸಿ, ಎಲೆ ಅಡಿಕೆ ಮುಂದಿಟ್ಟು, ಆಮೇಲೆ ಎಲ್ಲ ಹೇಳಿದರು. ಲಿಂಗವನ್ನು ಮಣೆಯ ಮೇಲೆ ಇಟ್ಟು ತೋರಿಸಿದರು. ಕೊಟ್ಟೂರಪ್ಪ ಎಲೆಗೆ ಸುಣ್ಣ ಹಚ್ಚುತ್ತಿದ್ದವನು ಹಚ್ಚುತ್ತಲೇ ಇದ್ದ, ಎಲೆ ಹರಿದು ಬೆರಳಿಗೆ ಬಂತು.

ಮಗಳನ್ನು ಕರೆಸಿದರು. ಅವಳು ಹಿತ್ತಲ ಬಾಗಿಲಾಚೆ ನಿಂತಳು. ಮೂರು ದಿನದಿಂದ ಅವಳಿಗೆ ಒಳಗೆ ಪ್ರವೇಶವಿರಲಿಲ್ಲ.

"ಹೌದೇನವ್ವ?" ಎಂದು ಅಪ್ಪ ಕೇಳಿದ.

"ತಿಂದಿಲ್ಲಪ್ಪ. ಮುಟ್ಟೀನಿ."

"ಲಿಂಗ ತೆಗೆದಿದ್ದು?"

"ಅದು ಹೌದು."

ಕೊಟ್ಟೂರಪ್ಪ ಟೋಪಿ ತೆಗೆದು ಮಂಡಿಯ ಮೇಲಿಟ್ಟುಕೊಂಡ. "ಕರ್ಕಂಡು ಹೋಗ್ತೀನಿ ತಾಯಿ," ಎಂದ. "ಏನ್ ಮಾಡಾದು. ನನ್ನ ಹಣೆಬರಹ. ಇನ್ನೆರಡು ಅದಾವೆ, ಅವನ್ನ ಹೊಳಿಗೆ ನೂಕ್ತೀನಿ."

"ಹಂಗ್ಯಾಕ ಅಂತೀರಿ ಬೀಗರೆ," ಎಂದರು ಸರ್ವಮಂಗಳಮ್ಮ. "ನಾ ಕಳಿಸಂಗಿಲ್ಲ. ಮನಿಯಾಗೇ ಇರ್ಲಿ. ನಾಲ್ಕು ಜನಕ್ಕೆ ಗೊತ್ತಾಗಿ ನಿಮ್ಮ ಮಾನ ಯಾಕ ಹೋಗಬೇಕು? ಅಡಿಗಿಮನಿಗೆ ಬರಾದು ಬ್ಯಾಡ, ದೇವರ ಕೋಣಿಗೆ ಬರಾದು ಬ್ಯಾಡ. ಕೊಟ್ಟಿ‌ಗಿಯಾಗೆ ಜಾಗ ಐತೆ. ಆಮೆ ಅವಳ ಕೈಗೆ ಹೊಂದಿಕಂಡೈತೆ, ಅದನ್ನ ನೋಡ್ಕಂಡು ಇರ್ಲಿ. ಆಮೆ ಇರೋ ತನಕ ಅವಳೂ ಇರ್ತಾಳೆ."

ಕೊಟ್ಟೂರಪ್ಪನಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಎದ್ದು ಬಂದು, ತನಗಿಂತ ನಾಲ್ಕು ವರ್ಷ ಚಿಕ್ಕವರಾದ ಸರ್ವಮಂಗಳಮ್ಮನ ಕಾಲು ಮುಟ್ಟಿದ.

"ದೊಡ್ಡ ಮನಸ್ಸು ನಿಮ್ದು," ಎಂದ.

"ಅಪ್ಪ, ನಾ ಬರ್ತೀನಿ," ಎಂದಳು ಉಮಾಮಹೇಶ್ವರಿ.

ಎಲ್ಲರೂ ಅವಳ ಕಡೆ ನೋಡಿದರು. ಮೂರು ವಾರ ಹಸಿದು, ಬೆರಳು ಕಚ್ಚಿಸಿಕೊಂಡು, ಲಿಂಗ ಬಿಟ್ಟು ಉಳಿಸಿಕೊಂಡ ಮನೆಯಲ್ಲಿ ಇರು ಎಂದು ಹೇಳುತ್ತಿದ್ದಾರೆ, ಅವಳು ಒಲ್ಲೆ ಎನ್ನುತ್ತಿದ್ದಾಳೆ.

"ಕರ್ಕಂಡು ಹೋಗಪ್ಪ. ಹೊಲದಾಗೆ ಕೂಲಿ ಮಾಡ್ತೀನಿ. ಮನಿಯೊಳಗೆ ಬರಲ್ಲ, ಕಣದಾಗೆ ಮಲಗ್ತೀನಿ."

"ತಂಗ್ಯಾರು ಅದಾರಲ್ಲವ್ವ," ಎಂದ ಅಪ್ಪ. ಬಹಳ ಪ್ರೀತಿಯಿಂದ ಹೇಳಿದ. "ಇಷ್ಟು ದೊಡ್ಡ ಮನಿಯೋರು ಇರು ಅಂತಾರೆ. ಯಾರು ಅಂತಾರೆ ಹಿಂಗೆ?"

ಅವಳು ಬಾಗಿಲು ದಾಟಿ ಒಳಗೆ ಕಾಲಿಟ್ಟಳು, ಅಪ್ಪನ ಪಂಚೆ ಹಿಡಿಯಲು. ಸರ್ವಮಂಗಳಮ್ಮ, "ಗಿರಿಯಮ್ಮ, ಹಿಡ್ಕ," ಎಂದರು. ನಾನು ಹಿಡಿದುಕೊಂಡೆ. ಬಿಡಿಸಿಕೊಳ್ಳಲು ಅವಳಲ್ಲಿ ಶಕ್ತಿ ಇರಲಿಲ್ಲ. ಅವಳು ಕಾಲಿಟ್ಟ ಜಾಗವನ್ನು ಆಮೇಲೆ ಸಗಣಿಯಿಂದ ಸಾರಿಸಿದ್ದೂ ನಾನೇ. ಕೊಟ್ಟೂರಪ್ಪ ನಾಲ್ಕು ಗಂಟೆಯ ಬಸ್ಸಿಗೆ ಹೋದ. ಖಾಲಿ ಚೀಲವನ್ನು ಮಡಚಿ ಕಂಕುಳಲ್ಲಿ ಇಟ್ಟುಕೊಂಡಿದ್ದ.

ಎರಡು ವರ್ಷದ ಮೇಲೆ ಕರಿಬಸವರಾಜನಿಗೆ ಕಡರನಾಯಕನಹಳ್ಳಿಯ ಹೆಣ್ಣು ತಂದು ಇನ್ನೊಂದು ಮದುವೆ ಮಾಡಿದರು. ಆ ಹುಡುಗಿ ಮನೆ ತುಂಬಿದ ಬೆಳಿಗ್ಗೆ ಆಮೆ ಚೆನ್ನಾಗಿ ಉಂಡಿತು. ಒಳ್ಳೆಯ ಕಾಲ್ಗುಣ ಎಂದು ಎಲ್ಲರೂ ಹೇಳಿದರು. ಅವತ್ತಿನ ಮೀನನ್ನು ಅನ್ನದಲ್ಲಿ ಇಟ್ಟು ಉಣ್ಣಿಸಿದವಳು ಉಮಾಮಹೇಶ್ವರಿ. ನೋಡಲು ಬಂದವರಿಗೆ, "ಹಾಲನ್ನ ಬಿಟ್ಟು ಬ್ಯಾರೆ ಮುಟ್ಟಲ್ರಿ," ಎಂದು ಸರ್ವಮಂಗಳಮ್ಮ ಬಾಗಿಲಲ್ಲಿ ನಿಂತು ಹೇಳುತ್ತಿದ್ದರು. ಬಾನಿಯ ಹತ್ತಿರ ಕೂತವಳು ಯಾರೆಂದು ಕೇಳಿದರೆ, "ಆಮೆ ನೋಡಿಕಳ್ಳಾಕಿ," ಎನ್ನುತ್ತಿದ್ದರು. ಕೆಲವರು ಅವಳಿಗೂ ಒಂದು ಬಾಳೆಹಣ್ಣು ಕೊಟ್ಟು ಹೋಗುತ್ತಿದ್ದರು.

ಭಾನುವಾರ ಭಾನುವಾರ ನಾನು ಮೀನಿಗೆ ಹರಿಹರಕ್ಕೆ ಹೋಗುತ್ತಿದ್ದೆ, ಯಾಕೆಂದು ಸರ್ವಮಂಗಳಮ್ಮ ಕೇಳುತ್ತಿರಲಿಲ್ಲ. ಅವಳು ನನ್ನ ಜೊತೆ ಮಾತು ಬಿಟ್ಟಿದ್ದಳು. "ತಂದ್ಯಾ?" ಎಂದು ಕೇಳುತ್ತಿದ್ದಳು, ತಂಬಿಗೆ ಇಸಿದುಕೊಳ್ಳುತ್ತಿದ್ದಳು, ಅಷ್ಟೇ. ನಾಲ್ಕನೆಯ ವರ್ಷವೋ ಐದನೆಯದೋ, ಒಂದು ಚಳಿಗಾಲ, ಅವಳು ಕೆಮ್ಮಿ ಕೆಮ್ಮಿ ಗೋಡೆಗೆ ಒರಗಿದ್ದಾಗ ನನ್ನ ಮನಸ್ಸಿನಲ್ಲಿದ್ದ ಮಾತು ತಡೆಯದೆ ಹೊರಗೆ ಬಂತು.

"ಸಣ್ಣಮ್ಮಾರೆ, ನಾ ಇನ್ನ ತರಂಗಿಲ್ಲ. ಬರೇ ಅನ್ನ ಹಾಕ್ರಿ. ಎರಡು ಮೂರು ತಿಂಗಳಿಗೆ ಅದು ತಾನೇ ಹೋಗ್ತೈತೆ. ನಿಮಗೂ ಇಲ್ಲಿಂದ ಬಿಡುಗಡೆ ಆಗ್ತೈತೆ."

ಅವಳು ಗೋಡೆ ಬಿಟ್ಟು ನೆಟ್ಟಗೆ ಕೂತಳು.

"ಅದು ಸತ್ರೆ ನನ್ನ ಇಲ್ಲಿ ಯಾರು ಇಟ್ಕಂತಾರೆ?" ಎಂದಳು. "ಎಲ್ಲಿಗೆ ಹೋಗ್ಲಿ? ನಿನ್ನ ಮನಿಗೆ ಬರ್ಲಾ?"

ನಾನು ತಂಬಿಗೆಯ ಮುಚ್ಚಳ ತೆಗೆದು ಅವಳ ಮುಂದೆ ಇಟ್ಟೆ. ಬಾ ಎನ್ನಲು ಬಾಯಿ ಬರಲಿಲ್ಲ.

"ಹೊಳಿಯಾಗೆ ನೀರು ಕಡಿಮಿ ಆಗಿದ್ರೆ ಕೆರಿದು ತಾ. ಚಳಿಗೆ ಎರಡು ದಿನದಿಂದ ಅದು ಸರಿಯಾಗಿ ಉಂಡಿಲ್ಲ."

ಹೀಗೆ ಹೇಳಿ, ಒಂದು ದೊಡ್ಡ ಮೀನನ್ನು ತಂಬಿಗೆಯಿಂದ ತೆಗೆದು ಕಲ್ಲಿನ ಮೇಲಿಟ್ಟು, ತಲೆ ಚಿವುಟಿ, ಬೆರಳಿನಿಂದ ಮುಳ್ಳು ಬಿಡಿಸತೊಡಗಿದಳು. ಹಲ್ಲು ಬರದ ಮಗುವಿಗೆ ಮಾಡುವ ಹಾಗೆ ನಿಧಾನವಾಗಿ, ಒಂದೊಂದೇ ಎಸಳು. ಬಾನಿಯನ್ನು ಬಿಸಿಲಿಗೆ ಎಳೆಯಲು ಆಗುತ್ತಿರಲಿಲ್ಲ, ಕಲ್ಲಿನದು. ಕೊಟ್ಟಿಗೆಯ ಒಲೆಯ ಮೇಲೆ ಕಾಯಿಸಿದ ಒಂದು ತಂಬಿಗೆ ನೀರನ್ನು ಅದಕ್ಕೆ ಸುರಿದು, ಕೈಯಿಟ್ಟು ಹದ ನೋಡಿ, ಆಮೆಯನ್ನು ಕರೆದಳು.